ಗಂಟಲು ನೋವಿಗೆ ಸರಿಯಾದ ಹೆಸರಿರಲಿ

ಗಂಗಾವತಿ ತಾಲ್ಲೂಕಿನ ಹೇಮಗುಡ್ಡವೆಂದರೆ ಹೊರಗಿನವರಿಗೆ ನೆನಪಾಗುವುದು ಹಳೆಯ ಕೋಟೆ ಮತ್ತು ದುರ್ಗಾಪರಮೇಶ್ವರಿಯ ದಸರಾ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಈ ಸೀಮೆ ಭತ್ತದ ಕಣಜವೂ ಹೌದು. ಒಕ್ಕಣೆಯ ಕಣ, ಅಕ್ಕಿ ಗಿರಣಿ, ಸೌದೆ ಒಲೆ ಇವೆಲ್ಲವುಗಳ ದೂಳು, ಹೊಗೆ ಇಲ್ಲಿನ ದುಡಿಮೆಯ ಭಾಗ. ಇಂಥ ಕಡೆ ತಿಂಗಳುಗಟ್ಟಲೆ ಕಾಡುವ ಗಂಟಲು ನೋವನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಆಸ್ಪತ್ರೆಯ ದಾಖಲೆಯೂ ಹಾಗೆಯೇ ಎಣಿಸಿದರೆ ಅನಾಹುತ ಎಂಬುದು ನನ್ನ ವಾದ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ ದಿಢೀರನೆ ಬರುವ ಗಂಟಲಿನ ಉರಿಯೂತಕ್ಕೆ ಜೆ 02, ದೀರ್ಘಕಾಲದ್ದಕ್ಕೆ ಜೆ 31.2, ಕಾರಣ ಗೊತ್ತಾಗದ ಬರಿಯ ನೋವಿಗೆ ಆರ್ 07.0 ಎಂಬ ಸಂಕೇತಗಳಿವೆ. 2022ರ ಜನವರಿಯಲ್ಲಿ ಹನ್ನೊಂದನೆಯ ಪರಿಷ್ಕರಣೆ ಜಾರಿಗೆ ಬಂದರೂ ಈ ವಿಂಗಡಣೆಯ ತರ್ಕ ಬದಲಾಗಿಲ್ಲ.

ಇದು ಕೇವಲ ಗುಮಾಸ್ತಿಕೆಯಲ್ಲ. ದಿಢೀರನೆ ಬರುವ ನೋವು ಬಹುತೇಕ ವೈರಾಣುವಿನದು. ವಾರದಲ್ಲಿ ತಾನಾಗಿ ಇಳಿಯುತ್ತದೆ. ಸ್ಟ್ರೆಪ್ಟೊಕಾಕಸ್ ಸೋಂಕಾದರೆ ಮಾತ್ರ ಆಂಟಿಬಯಾಟಿಕ್ ಅಗತ್ಯ. ಅಲಕ್ಷಿಸಿದರೆ ಮಕ್ಕಳಲ್ಲಿ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳು ಕೆಡಬಹುದು. ದೀರ್ಘಕಾಲದ ಉರಿಯೂತದ ಮೂಲವೇ ಬೇರೆ: ದೂಳು, ಹೊಗೆ, ತಂಬಾಕು, ಜಠರದ ಆಮ್ಲದ ಹಿಮ್ಮರಳು, ಮೂಗಿನ ಸೋಂಕು. ಅಲ್ಲಿ ಮತ್ತೆ ಮತ್ತೆ ಆಂಟಿಬಯಾಟಿಕ್ ನುಂಗಿಸಿದರೆ ನೋವು ಹೋಗದು, ಔಷಧಿಯ ಶಕ್ತಿ ಮಾತ್ರ ಕುಗ್ಗುತ್ತದೆ. ಮೂರು ವಾರ ಮೀರಿದ ಸ್ವರಭಂಗ, ನುಂಗಲು ಕಷ್ಟ, ಕತ್ತಿನಲ್ಲಿ ಗಂಟು ಕಂಡರೆ ಕ್ಯಾನ್ಸರ್ ಇಲ್ಲವೆಂದು ತಜ್ಞರೇ ಖಚಿತಪಡಿಸಬೇಕು. ಗುಟ್ಕಾ, ಬೀಡಿ ಚಟವಿದ್ದವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇದೇ ವರ್ಗೀಕರಣದಲ್ಲಿ ಝೆಡ್ 57.2 ಎಂಬ ಇನ್ನೊಂದು ಸಂಕೇತವಿದೆ. ಅದರರ್ಥ, ಕೆಲಸದ ಸ್ಥಳದಲ್ಲಿ ದೂಳಿಗೆ ಒಡ್ಡಿಕೊಂಡಿರುವುದು. ಗಿರಣಿಯ ಹಮಾಲಿಯೊಬ್ಬನ ಚೀಟಿಯಲ್ಲಿ ಜೆ 31.2ರ ಪಕ್ಕದಲ್ಲಿ ಇದನ್ನೂ ಬರೆದರೆ ರೋಗದ ಜೊತೆ ಅದರ ಕಾರಣವೂ ದಾಖಲಾಗುತ್ತದೆ. ಬರೆಯದಿದ್ದರೆ ಅದು ಅವನೊಬ್ಬನ ಹಣೆಬರಹವಾಗಿ ಉಳಿಯುತ್ತದೆ. ನೂರು ಚೀಟಿಗಳಲ್ಲಿ ಬರೆದಾಗ ದೂಳು ಹೀರುವ ಯಂತ್ರವೆಲ್ಲಿ, ಮುಖಗವಸು ಕೊಟ್ಟಿದ್ದೀರಾ ಎಂದು ಗಿರಣಿ ಮಾಲೀಕರನ್ನು ಕೇಳಲು ಜಿಲ್ಲಾಡಳಿತಕ್ಕೆ ಆಧಾರ ಸಿಗುತ್ತದೆ.

ಇದಕ್ಕೆ ದುಬಾರಿ ಉಪಕರಣ ಬೇಡ. ನೋವು ಎಷ್ಟು ದಿನದಿಂದ, ಮಾಡುವ ಕೆಲಸವೇನು, ತಂಬಾಕಿನ ಅಭ್ಯಾಸವಿದೆಯೇ ಎಂಬ ಮೂರು ಪ್ರಶ್ನೆಗಳಿಂದ ವೈದ್ಯರು ಆರಂಭಿಸಬಹುದು. ಸರತಿಯ ಸಾಲು ಉದ್ದವಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ವೈದ್ಯರಿಗೆ ಅದೂ ಭಾರವೇ. ಆದ್ದರಿಂದ ಕೇಳಿ ಬರೆದುಕೊಳ್ಳುವ ಸಿಬ್ಬಂದಿಯನ್ನು, ಅವರಿಗೆ ಸಂಕೇತಗಳ ತರಬೇತಿಯನ್ನು ಸರ್ಕಾರ ಒದಗಿಸಲಿ. ಲೆಕ್ಕಕ್ಕೇ ಬಾರದ ರೋಗಕ್ಕೆ ಯಾವ ಆಯವ್ಯಯದಲ್ಲೂ ಹಣ ಇರುವುದಿಲ್ಲ.