ಸೈಕಾಲಜಿಸ್ಟ್ ಎಂದರೆ ಪೊಲೀಸರ ಕಡೆಯವರಲ್ಲ

ಕ್ರೈಮ್ ಸೀರಿಯಲ್ ನೋಡಿ ನೋಡಿ, ಸೈಕಾಲಜಿಸ್ಟ್ ಎಂದರೆ ಆರೋಪಿಯ ಬಾಯಿ ಬಿಡಿಸುವವರು ಎಂದುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಹಾಗಾಗಿ ಪರೀಕ್ಷೆಯ ಭಯಕ್ಕೆ ನಿದ್ದೆ ಕೆಟ್ಟರೂ ಯಾರ ಬಳಿಗೂ ಹೋಗುವುದಿಲ್ಲ.

ಕಾಮರ್ಸ್‌ನವರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯಬೇಕು. ನಮ್ಮ ಲೆಕ್ಕ ಬರೆಯುವವರು ಬೇರೆ, ಆಡಿಟರ್ ಬೇರೆ. ಫೊರೆನ್ಸಿಕ್ ಸೈಕಾಲಜಿಸ್ಟ್ ಆಡಿಟರ್ ಇದ್ದಂತೆ. ಆರೋಪಿಯ ಅಥವಾ ನೊಂದವರ ಮನಃಸ್ಥಿತಿ ಪರೀಕ್ಷಿಸಿ ಕೋರ್ಟಿಗೆ ವರದಿ ಕೊಡುತ್ತಾರೆ. ಇಂಥ ತನಿಖೆಗೂ ಮಿತಿಯಿದೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಕರ್ನಾಟಕ ಸರ್ಕಾರದ ವಿರುದ್ಧ ಸೆಲ್ವಿ ಎಂಬುವರು ಹೂಡಿದ ಪ್ರಕರಣ.

ಚಿಕಿತ್ಸೆ ಕೊಡುವವರು ಕೆಲಸ ಮಾಡುವುದು ನಮಗಾಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ಒಂದು ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ನಮಗಿನ್ನೂ 18 ತುಂಬಿಲ್ಲ. ಆದ್ದರಿಂದ ‘ಮನೆಯವರಿಗೆ ಏನೇನು ಹೇಳುತ್ತೀರಿ?’ ಎಂದು ಮೊದಲ ದಿನವೇ ಕೇಳಬೇಕು.

ಹುಡುಕುವುದು ಎಲ್ಲಿ? 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ಉಚಿತವಾಗಿ, ದಿನದ 24 ಗಂಟೆಯೂ ಮಾತಾಡಬಹುದು. ಮಾತ್ರೆ ಬರೆದುಕೊಡುವವರು ಮನೋವೈದ್ಯರು. ಮಾತಿನ ಚಿಕಿತ್ಸೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗುವುದಾದರೆ ಆರ್‌ಸಿಐ ನೋಂದಣಿ ಇದೆಯೇ ಎಂದು ವಿಚಾರಿಸಿ.

ನಮ್ಮ ಕಾಲೇಜಿಗೆ ವಾರಕ್ಕೊಮ್ಮೆಯಾದರೂ ಹೊರಗಿನ ಆಪ್ತಸಮಾಲೋಚಕರು ಬರಲಿ ಎಂಬುದು ನನ್ನ ಕೋರಿಕೆ. ನಮ್ಮ ಉಪನ್ಯಾಸಕರು ಒಳ್ಳೆಯವರೇ. ಆದರೆ ಅಂಕ ಕೊಡುವವರ ಮುಂದೆ ಮನಸ್ಸು ಬಿಚ್ಚುವುದು ಕಷ್ಟ. ಜ್ವರ ಬಂದರೆ ಅಮ್ಮಿ ದುವಾ ಮಾಡುತ್ತಾರೆ, ದವಾಖಾನೆಗೂ ಕರೆದುಕೊಂಡು ಹೋಗುತ್ತಾರೆ. ಮನಸ್ಸಿಗೆ ಬಂದ ಜ್ವರಕ್ಕೂ ಎರಡೂ ಬೇಕು.