ಮರೆಗುಳಿ ಗೆಳೆಯನಿಗೆ ಇಂಗ್ಲಿಷ್‌ನಲ್ಲಿ ಏನನ್ನಬೇಕು?

ಬೈಕ್ ಕೀ ಎಲ್ಲಿಟ್ಟೆ ಎಂದು ದಿನಾ ಹುಡುಕುವ, ಬರುತ್ತೇನೆಂದು ಹೇಳಿ ಮರೆತೇಬಿಡುವ ಗೆಳೆಯನಿಗೆ ‘ಮೆಮೊರಿ ಲಾಸ್’ ಎಂದು ಛೇಡಿಸುತ್ತೇವೆ. ಇಂಗ್ಲಿಷ್‌ನಲ್ಲಿ ಅದು ಕಾಯಿಲೆಯ ಲಕ್ಷಣ ಹೇಳುವ ಮಾತು. ಇಂಗ್ಲಿಷ್ ಮನೆಮಾತಿನವರು ಇಂಥವನನ್ನು ‘ಸ್ಕ್ಯಾಟರ್‌ಬ್ರೇನ್ಡ್’ (ಚೆಲ್ಲಾಪಿಲ್ಲಿ ತಲೆಯವನು) ಅಥವಾ ‘ಆಬ್ಸೆಂಟ್ ಮೈಂಡೆಡ್’ ಎನ್ನುತ್ತಾರೆ. ಮೊದಲನೆಯದು ಗೆಳೆಯರ ನಡುವೆ ಸರಿ, ಮೇಲಧಿಕಾರಿಗೆ ಬೇಡ! ‘ಮೆಮೊರಿ ಲೈಕ್ ಎ ಸೀವ್’, ಅಂದರೆ ಜರಡಿಯಂಥ ನೆನಪು ಎಂದೂ ಅನ್ನುವುದುಂಟು. ಆದರೆ ಕೀ ವಿಷಯಕ್ಕೆ ಜರಡಿಯ ಹೋಲಿಕೆ ಅಷ್ಟಾಗಿ ಒಪ್ಪುವುದಿಲ್ಲ. ಇಡುವಾಗ ಗಮನ ಫೋನಿನಲ್ಲಿದ್ದರೆ ಜಾಗ ಮಿದುಳಿನಲ್ಲಿ ಸರಿಯಾಗಿ ದಾಖಲಾಗುವುದೇ ಇಲ್ಲ, ದಾಖಲಾಗದ್ದು ಸೋರುವುದೆಲ್ಲಿಂದ? ಮನೋವಿಜ್ಞಾನಿ ಡೇನಿಯಲ್ ಶ್ಯಾಕ್ಟರ್ 2001ರ ಪುಸ್ತಕದಲ್ಲಿ ನೆನಪಿನ ಏಳು ‘ಪಾಪ’ಗಳನ್ನು ಹೇಳುವಾಗ, ಕಾಲಕ್ರಮೇಣ ಮಾಸುವ ನೆನಪನ್ನೂ ಈ ಗಮನಗೇಡಿತನವನ್ನೂ ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ಕೀ ಯಾವುದಕ್ಕೆಂದೇ ತಿಳಿಯದಿದ್ದರೆ, ಪರಿಚಿತ ದಾರಿಯೇ ತಪ್ಪತೊಡಗಿದರೆ ತಮಾಷೆ ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ.