ಕಥೆ ಯಾರದ್ದು?

ಆಕಾಶ ತಂದೆ ರಂಗಿನುಯಿ, ಭೂಮಿ ತಾಯಿ ಪಾಪಾತೂಆನುಕು. ಇಬ್ಬರೂ ಗಾಢವಾಗಿ ತಬ್ಬಿ ಮಲಗಿದ್ದಾರೆ. ನಡುವಿನ ಕತ್ತಲಲ್ಲಿ ಮಕ್ಕಳಿಗೆ ಉಸಿರುಕಟ್ಟಿದೆ. ಕೊನೆಗೆ ‘ತಾನೆ’ ಎಂಬ ಹೆಸರಿನ ಕಾಡಿನ ದೇವರು ಅಂಗಾತ ಮಲಗಿ, ಕಾಲಿನಿಂದ ಅಪ್ಪನನ್ನು ಮೇಲಕ್ಕೊತ್ತುತ್ತಾನೆ. ಬೆಳಕು ಹರಿಯುತ್ತದೆ. ನ್ಯೂಜಿಲೆಂಡಿನ ಮಾವೊರಿಗಳ ಈ ಸೃಷ್ಟಿಕಥೆಯನ್ನು ಬಹಳ ಮಂದಿ ಇಲ್ಲಿಗೇ ಮುಗಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ.

ಹೆತ್ತವರನ್ನು ಅಗಲಿಸಿದ್ದಕ್ಕೆ ಗಾಳಿಯ ದೇವರು ಸಿಟ್ಟಾಗಿ ಒಡಹುಟ್ಟಿದವರ ಮೇಲೆಯೇ ಬಿರುಗಾಳಿ ಬಿಡುತ್ತಾನೆ. ಕಾಡು ಮುರಿದು ಬೀಳುತ್ತದೆ, ಕಡಲಿನವನು ಓಡಿಹೋಗುತ್ತಾನೆ, ಗೆಣಸು ಮತ್ತು ಕಾಡುಬೇರುಗಳ ಒಡೆಯರನ್ನು ತಾಯಿ ಒಡಲಲ್ಲಿ ಬಚ್ಚಿಡುತ್ತಾಳೆ. ಎದುರು ನಿಲ್ಲುವವನು ಮನುಷ್ಯರ ಮೂಲಪುರುಷ ತೂಮಾತವೆಂಗ ಒಬ್ಬನೇ. ತನ್ನ ಕೈಬಿಟ್ಟ ಸೋದರರ ಮೇಲಿನ ಸೇಡಿಗೆ ಅವನು ಉರುಲು ಒಡ್ಡುತ್ತಾನೆ, ಬಲೆ ಬೀಸುತ್ತಾನೆ, ನೆಲ ಅಗೆಯುತ್ತಾನೆ, ಸಿಕ್ಕಿದ್ದನ್ನು ತಿನ್ನುತ್ತಾನೆ. ಹಾಗೆ ತಿನ್ನಲು ಒಂದೊಂದಕ್ಕೂ ಬೇರೆ ಬೇರೆ ಮಂತ್ರ ಬೇಕು. ಏಕೆಂದರೆ ಮೀನು, ಹಕ್ಕಿ, ಗೆಣಸು ಎಲ್ಲವೂ ಮನುಷ್ಯನ ದಾಯಾದಿಗಳು. ಮರ ಕಡಿಯುವ ಮುನ್ನ ತಾನೆಯನ್ನು ಬೇಡಿಕೊಳ್ಳುವ, ಮೊದಲು ಸಿಕ್ಕ ಮೀನನ್ನು ಕಡಲಿಗೇ ಮರಳಿಸುವ ರೂಢಿಗಳ ಬುಡ ಇಲ್ಲಿದೆ.

ಇಷ್ಟು ಹತ್ತಿರದ ನಂಟು ಕೋರ್ಟಿಗೂ ಹೋಗುತ್ತದೆ. ತೊಂಗರಿರೊ ಪರ್ವತದೊಡನೆ ಕಾದಾಡಿ ಸೋತ ತಾರನಾಕಿ ಪರ್ವತ ಪಶ್ಚಿಮಕ್ಕೆ ಓಡುವಾಗ ನೆಲ ಸೀಳಿತು, ಆ ಕಮರಿಯಲ್ಲೇ ವಾಂಗನುಯಿ ನದಿ ಹರಿಯಿತು ಎನ್ನುತ್ತದೆ ಇನ್ನೊಂದು ಕಥೆ. ಆ ನದಿ ತಮ್ಮ ಪೂರ್ವಜ ಎನ್ನುವ ಬುಡಕಟ್ಟುಗಳು ಅದಕ್ಕಾಗಿ ಒಂದು ಶತಮಾನಕ್ಕೂ ಮೀರಿ ಹೋರಾಡಿದವು. 2017ರ ಕಾನೂನು, ಬೆಟ್ಟದಿಂದ ಕಡಲಿನವರೆಗೆ ನದಿ ಒಂದೇ ಜೀವ ಎಂದು ಒಪ್ಪಿ ಅದಕ್ಕೆ ವ್ಯಕ್ತಿಯ ಸ್ಥಾನ ಕೊಟ್ಟಿತು. 2025ರಲ್ಲಿ ತಾರನಾಕಿಗೂ ಅದೇ ಸ್ಥಾನ ಸಿಕ್ಕಿತು.

ಇನ್ನು ಸಂಪಾದಕರಾದ ನಮ್ಮನ್ನು ಕುಟುಕುವ ವಿಷಯ. ಮೇಲಿನ ಸೃಷ್ಟಿಕಥೆ ಜಗತ್ತಿಗೆ ಗೊತ್ತಾದದ್ದು ಗವರ್ನರ್ ಆಗಿದ್ದ ಜಾರ್ಜ್ ಗ್ರೇ ಪ್ರಕಟಿಸಿದ ಪುಸ್ತಕಗಳಿಂದ: 1854ರಲ್ಲಿ ಮಾವೊರಿ, 1855ರಲ್ಲಿ ಇಂಗ್ಲಿಷ್. ಅದನ್ನು ಬರೆದುಕೊಟ್ಟವನು ರೊಟೊರುವಾ ಸೀಮೆಯ ನಾತಿ ರಂಗಿವೆವೆಹಿ ಬುಡಕಟ್ಟಿನ ತೇ ರಂಗಿಕಾಹೆಕೆ. ಪುಸ್ತಕದಲ್ಲಿ ಅವನಿಗೆ ಆ ಮನ್ನಣೆ ಇಲ್ಲ. ಸಾಲದ್ದಕ್ಕೆ ಬೇರೆ ಬೇರೆ ಬುಡಕಟ್ಟುಗಳ ಪಾಠಗಳನ್ನು ಗ್ರೇ ಬೆಸೆದ, ತಿದ್ದಿದ. ವಂಶಾವಳಿಯೇ ಆಗಿದ್ದ ಕಥೆಗೆ ವಂಶವಿಲ್ಲದಂತಾಯಿತು. ಅವನು ಕೂಡಿಡದಿದ್ದರೆ ಎಷ್ಟೋ ಕಥೆಗಳು ಅಳಿಯುತ್ತಿದ್ದವು ಎಂಬ ಮಾತಿದೆ. ಇರಬಹುದು, ಹೆಸರು ನಮೂದಿಸಿದ್ದರೆ ಅವೇನೂ ಅಳಿಯುತ್ತಿರಲಿಲ್ಲವಲ್ಲ! ಹಸ್ತಪ್ರತಿಗಳು ಉಳಿದದ್ದರಿಂದ ವಿದ್ವಾಂಸರು ಆ ಲೇಖಕನನ್ನು ಮತ್ತೆ ಗುರುತಿಸಿದ್ದಾರೆ.

ನಮ್ಮ ಪತ್ರಿಕೆಗೆ ಜನಪದ ಕಥೆ, ಲಾವಣಿ ಕಳಿಸುವವರಲ್ಲಿ ಒಂದು ಕೋರಿಕೆ. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು ಬರೆಯಿರಿ. ಎರಡು ಊರಿನ ಪಾಠ ಬೇರೆಯಾಗಿದ್ದರೆ ಬೆರೆಸಬೇಡಿ, ಎರಡನ್ನೂ ಕಳಿಸಿ. ಪುಟ ನಾವು ಹೊಂದಿಸಿಕೊಳ್ಳುತ್ತೇವೆ.